ಕುಲಕಸುಬಿನ ತರಬೇತಿ ಕೇಂದ್ರವೋ, ವಿದ್ಯಾರ್ಥಿ ನಿಲಯವೋ? ಬೇಲೂರು ಸೀಮೆಯಿಂದ ಒಂದು ಚರ್ಚೆ

ಬೇಲೂರು ಬಡಗಿ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ವಿಶ್ವಕರ್ಮ ಸಮಾಜದ ಸಂಘವೊಂದಕ್ಕೆ ದಾನವಾಗಿ ಬಂದ ನಿವೇಶನವಿದೆ. ಕಟ್ಟಡಕ್ಕೆಂದು ಒಂದಿಷ್ಟು ದೇಣಿಗೆಯೂ ಕೂಡಿದೆ. ಅಲ್ಲಿ ಕುಲಕಸುಬಿನ ತರಬೇತಿ ಕೇಂದ್ರವನ್ನೇ ತೆರೆಯಬೇಕೆಂದು ಹಿರಿಯರು ಹಟ ಹಿಡಿದಿದ್ದಾರೆ. ಹಾಸನದಲ್ಲಿ ಬಾಡಿಗೆ ಕೋಣೆ ಹಿಡಿದು ಮಕ್ಕಳನ್ನು ಓದಿಸುತ್ತಿರುವವರು ಆ ನಿವೇಶನ ಮಾರಿ ಹಾಸನದಲ್ಲಿ ವಿದ್ಯಾರ್ಥಿ ನಿಲಯ ಕಟ್ಟೋಣ ಎನ್ನುತ್ತಾರೆ. ಸರ್ವ ಸದಸ್ಯರ ಸಭೆಯಲ್ಲಿ ಇದು ತೀರ್ಮಾನವಾಗಬೇಕು. ಸಂಘದ ಒಳಗೆ ಮಾತು ಎರಡು ಬಣಗಳ ಜಗಳವಾಗಿರುವುದರಿಂದ ಹೊರಗಿನವರ, ಅದರಲ್ಲೂ ಬೇರೆ ಕಸುಬಿನ ಸಮುದಾಯಗಳವರ ಅಭಿಪ್ರಾಯ ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯವರು ಮನೆಗೆ ಬಂದಾಗ ಜಾತಿ, ಉಪಜಾತಿಗಳ ಜೊತೆಗೆ ಕುಲಕಸುಬು ಯಾವುದು, ಅದು ಮುಂದುವರಿದಿದೆಯೇ ಎಂದೂ ಕೇಳಿದರು. ಬಡಗಿ ಕೆಲಸ ಎಂದೆ, ಮುಂದುವರಿದಿದೆ ಎಂದೆ. ಬರೆದುಕೊಂಡು ಹೋದರು. ಆದರೆ ನನ್ನ ತಾತ ಮಾಡುತ್ತಿದ್ದದ್ದು ನೊಗ, ಮೇಣಿ, ಕುಂಟೆ, ಕೂರಿಗೆ. ಅಪ್ಪ ಮಾಡಿದ್ದು ಬಾಗಿಲು, ಕಿಟಕಿ, ಮಂಚ. ನಾನು ಮಾಡುತ್ತಿರುವುದು ಪ್ಲೈವುಡ್ಡಿನ ಅಡುಗೆಮನೆ ಕಪಾಟು, ಅದೂ ಹಾಸನದ ಗುತ್ತಿಗೆದಾರರೊಬ್ಬರ ಕೈಕೆಳಗೆ ದಿನಗೂಲಿಗೆ. ನನ್ನ ಪಕ್ಕದಲ್ಲಿ ಕುಳಿತು ಲ್ಯಾಮಿನೇಟ್ ಹಾಳೆ ಅಂಟಿಸುವ ಹುಡುಗರು ರಾಜಸ್ಥಾನದಿಂದಲೂ ಉತ್ತರ ಪ್ರದೇಶದಿಂದಲೂ ಬಂದವರು. ಅವರ ಕುಲ ಯಾವುದೆಂದು ಮನೆ ಕಟ್ಟಿಸುವವರು ಕೇಳುವುದಿಲ್ಲ, ಅಂಚು ನೇರವಾಗಿ ಕೂತಿದೆಯೇ ಎಂದಷ್ಟೇ ಬೆರಳಾಡಿಸಿ ನೋಡುತ್ತಾರೆ.

ಹೀಗಿರುವಾಗ ನಾವು ಉಳಿಸಬೇಕೆನ್ನುತ್ತಿರುವುದು ಇದರಲ್ಲಿ ಯಾವುದನ್ನು? ಹಿರಿಯರು ಬೇಲೂರು ಗುಡಿಯ ಕಡೆಗೆ ಕೈ ತೋರಿಸಿ, ಅದನ್ನು ಕಡೆದ ವಂಶ ನಮ್ಮದು ಎಂದಾಗ ನನಗೂ ಮೈ ನವಿರೇಳುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಆ ಹೆಮ್ಮೆಯ ಮೇಲೆ ಕಟ್ಟಡದ ಉದ್ದೇಶವನ್ನು ನಿಶ್ಚಯಿಸುವುದು ಸರಿಯೇ ಎಂಬುದು ನನ್ನ ಅನುಮಾನ. ನಾನು ವಿದ್ಯಾರ್ಥಿ ನಿಲಯದ ಪರ.

ಅರಸೀಕೆರೆ ಮೇಷ್ಟ್ರು

ಬಡಗಿಯವರೇ, ಇತಿಹಾಸದ ಪಾಠ ಹೇಳಿ ನಿವೃತ್ತನಾದವನಾದ್ದರಿಂದ ಆ ಕಡೆಯಿಂದಲೇ ಬರುತ್ತೇನೆ. ನಿಮ್ಮ ಹಿರಿಯರು ಎರಡು ಬೇರೆ ಬೇರೆ ಚರಿತ್ರೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ.

ಮೊದಲನೆಯದು ಶಿಲ್ಪಿಗಳದು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಕೆತ್ತಿದವರು ತಮ್ಮ ಹೆಸರನ್ನು ಕಲ್ಲಿನ ಮೇಲೆಯೇ ಬಿಟ್ಟುಹೋಗಿದ್ದಾರೆ. ಅವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಅದು ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಆದ ಅಮೃತೇಶ್ವರ ಗುಡಿಯಲ್ಲಿ ಕಾಣುವ ರೂವಾರಿ, ಎಂದರೆ ಶಿಲ್ಪಿ, ಮಲ್ಲಿತಮ್ಮನ ಹೆಸರು ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲೂ ಸಿಗುತ್ತದೆ. ಅಂದರೆ ಇವರು ಕೆಲಸವಿದ್ದ ಕಡೆಗೆ ಹೊರಟುಬರುತ್ತಿದ್ದವರು, ಬಿರುದು ಹೇಳಿಕೊಳ್ಳುತ್ತಿದ್ದವರು, ರಾಜನ ಗುಡಿಯ ಮೇಲೆ ತಮ್ಮ ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಕೊರೆಯುವಷ್ಟು ಎದೆಗಾರಿಕೆ ಇದ್ದವರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಈ ಹೆಸರುಗಳು ಎಲ್ಲ ಭಾಷಣಗಳಲ್ಲೂ ಬರುತ್ತಿವೆ, ಸಂತೋಷ.

ಎರಡನೆಯದು ನಿಮ್ಮ ತಾತನದು, ಅದು ಆಯಗಾರಿಕೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಪಂಚಾಂಗದವರು, ಹೀಗೆ ಊರಿಂದೂರಿಗೆ ಸ್ವಲ್ಪ ಬದಲಾಗುತ್ತಿದ್ದ ಪಟ್ಟಿ. ವರ್ಷವಿಡೀ ಗುಳ ತಟ್ಟಿ, ಕುಡುಗೋಲಿಗೆ ಕಕ್ಕು ಹಾಕಿ, ಮುರಿದ ನೊಗ ಕೂಡಿಸಿಕೊಟ್ಟರೆ, ಸುಗ್ಗಿಯಲ್ಲಿ ಕಣದ ರಾಶಿಯ ಮುಂದೆ ನಿಂತು ತಮ್ಮ ಆಯವನ್ನು, ಎಂದರೆ ಧಾನ್ಯದ ಪಾಲನ್ನು, ಪಡೆಯಬೇಕಿತ್ತು. ಎಷ್ಟು ಮೊರ ಎಂಬುದು ರೂಢಿಯಲ್ಲಿ ಗೊತ್ತಾಗಿದ್ದರೂ ಅಳೆಯುವ ಕೈ ರೈತನದಾಗಿತ್ತು, ಮಳೆ ಹೋದ ವರ್ಷ ಆ ಕೈ ಇನ್ನಷ್ಟು ಬಿಗಿಯಾಗುತ್ತಿತ್ತು. ಶಿಲ್ಪಿಯ ಹಾಗೆ ಇಲ್ಲಿ ಊರು ಬಿಟ್ಟು ಹೊರಡುವಂತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಪಟ್ಟಿಯಲ್ಲಿ ಗೌಡರೂ ಶಾನುಭೋಗರೂ ಇದ್ದರು, ತೋಟಿಯೂ ಇದ್ದ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ಹುದ್ದೆಗಳೆಲ್ಲ ಹೋದವು. ಹುದ್ದೆಗಾಗಿ ಬಿಟ್ಟಿದ್ದ ಇನಾಮು ಜಮೀನನ್ನು ಹಿಡಿದಿದ್ದವರಿಗೇ ಮರುಮಂಜೂರು ಮಾಡಿಸಿಕೊಳ್ಳಲು ಅವಕಾಶವಿತ್ತು. ಕಾಗದಪತ್ರ ಬಲ್ಲವರು ಮಾಡಿಸಿಕೊಂಡರು. ತೋಟಿಯ ಮನೆಯಲ್ಲಿ ಕಾಗದವನ್ನು ಓದುವವರೇ ಇರಲಿಲ್ಲ. ಹಳೆಯ ಕೆಲಸವನ್ನು ಬಿಡುವಾಗ ಯಾರ ಕೈಯಲ್ಲಿ ಏನಿತ್ತು ಎಂಬುದರ ಮೇಲೆ ಮುಂದಿನ ಎರಡು ತಲೆಮಾರು ನಿಂತಿತು. ನಿಮ್ಮ ಸಂಘ ಕೇಳಿಕೊಳ್ಳಬೇಕಾದದ್ದೂ ಅದನ್ನೇ ಎಂದು ನನಗನ್ನಿಸುತ್ತದೆ.

ಮೂಡಿಗೆರೆ ತೋಟ

ಮೇಷ್ಟ್ರು ವಿವರವಾಗಿ ಬರೆದಿದ್ದಾರೆ. ಆದರೂ ಈ ಕಾಲದಲ್ಲಿ ಕಸುಬಿಗೂ ಜಾತಿಗೂ ಗಂಟು ಹಾಕುವ ಅಗತ್ಯವಾದರೂ ಏನು? ನಮ್ಮ ಕಡೆ ಕಾಫಿ ತೋಟದಲ್ಲಿ ಕಸಿ ಮಾಡುವವರು, ಹಣ್ಣು ಕೊಯ್ಯುವವರು, ಔಷಧಿ ಹೊಡೆಯುವವರು ಎಲ್ಲ ಜಾತಿಯವರೂ ಇದ್ದಾರೆ. ಈಗೀಗ ಅಸ್ಸಾಮಿನಿಂದ ಬಂದವರೇ ಹೆಚ್ಚಾಗುತ್ತಿದ್ದಾರೆ. ತೋಟ ಯಾರ ಕುಲಕಸುಬೂ ಅಲ್ಲ. ಕೆಲಸ ಬಲ್ಲವರಿಗೆ ಕೂಲಿ ಕೊಡುತ್ತೇವೆ, ಅಷ್ಟೇ. ಹಳೆಯದನ್ನು ಕೆದಕುತ್ತಾ ಕೂತರೆ ಗಾಯ ಹಸಿಯಾಗಿಯೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ಬಡಗಿಯವರು ವಿದ್ಯಾರ್ಥಿ ನಿಲಯವನ್ನೇ ಕಟ್ಟಿಸಲಿ.

ಹೊಳೆಯಾಚೆ

ಮೂಡಿಗೆರೆಯ ಸರ್, ತೋಟ ಯಾರ ಕುಲಕಸುಬೂ ಅಲ್ಲ ಎಂದಿರಿ, ಒಪ್ಪುತ್ತೇನೆ. ಆದರೆ ಲೈನು ಮನೆಗಳಲ್ಲಿ ಇರುವವರು ಯಾರು, ಲೆಕ್ಕ ಬರೆಯುವ ರೈಟರ ಕುರ್ಚಿಯಲ್ಲಿ ಕೂರುವವರು ಯಾರು, ತೋಟದ ಪಹಣಿ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ಸುಮ್ಮನೆ ಎಣಿಸಿ ನೋಡಿ. ಕಸುಬಿಗೆ ಜಾತಿಯ ಹೆಸರಿಲ್ಲ ಎಂದಮಾತ್ರಕ್ಕೆ ಜಾತಿ ಅಲ್ಲಿಂದ ಎದ್ದುಹೋಗಿದೆ ಎಂದಾಗುವುದಿಲ್ಲ.

ನಾನು ಹೊಳೆನರಸೀಪುರ ತಾಲ್ಲೂಕಿನವನು. ನಮ್ಮದು ತಮಟೆ ಬಡಿಯುವ ಮನೆತನ. ಬಡಗಿಯವರ ಸಮಾಜದಲ್ಲಿ ಕುಲಕಸುಬು ಉಳಿಸಿ ಎಂದು ಕೇಳುವವರು ಅವರ ಹಿರಿಯರೇ. ನಮ್ಮಲ್ಲಿ ಹಾಗೆ ಕೇಳುವವರು ನಮ್ಮವರಲ್ಲ, ಊರಿನವರು. ನನ್ನ ಅಣ್ಣ ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುತ್ತಾನೆ. ಊರಹಬ್ಬ ಬಂತೆಂದರೆ ನಮ್ಮ ಮನೆಯ ಸರದಿ ಇದೆಯೆಂದು ಫೋನು ಬರುತ್ತದೆ, ರಜೆ ಹಾಕಿ ಬರಬೇಕು. ದೊಡ್ಡ ಮನೆಯಲ್ಲಿ ಸಾವಾದರೂ ಹಾಗೆಯೇ. ಬರುವುದಿಲ್ಲ ಎಂದ ವರ್ಷ ನಮ್ಮ ಕೇರಿಯವರನ್ನು ಕೂಲಿಗೆ ಕರೆಯಲಿಲ್ಲ, ನಮ್ಮ ಹಾಲನ್ನೂ ಡೇರಿಯಲ್ಲಿ ಕೊನೆಗೆ ಅಳೆದರು. ಯಾರೂ ಜೋರಾಗಿ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ದೂರು ಕೊಡಬಹುದಿತ್ತು.

ತಮಟೆಯ ಮೇಲೆ ನನಗೆ ದ್ವೇಷವಿಲ್ಲ ಎಂಬುದನ್ನೂ ಹೇಳಬೇಕು. ಒಣಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮವನ್ನು ಉರಿಗೆ ತೀರ ಹತ್ತಿರವೂ ಅಲ್ಲದೆ ದೂರವೂ ಅಲ್ಲದೆ ಹಿಡಿದು ತಿರುಗಿಸುತ್ತಾ, ಬೆರಳಿನಿಂದ ತಟ್ಟಿ ನಾದ ಕೇಳಿಕೊಂಡು, ಬಿಗಿ ಬಂತೆಂದು ಅಪ್ಪ ತಲೆಯಾಡಿಸುವಾಗ ಅದು ಯಾವ ವಿದ್ಯೆಗೂ ಕಡಿಮೆಯಲ್ಲ. ಹಾಸನದಲ್ಲಿ ಕಾಲೇಜಿನ ವೇದಿಕೆಯೊಂದರ ಮೇಲೆ ನಮ್ಮ ತಂಡ ಅದನ್ನೇ ಬಡಿದಾಗ ಶಾಲು ಹೊದಿಸಿ ಸಂಭಾವನೆ ಕೊಟ್ಟರು. ಅದೇ ತಂಡ ಅದೇ ವಾರ ಊರಿನಲ್ಲಿ ಗುಡಿಯ ಮೆಟ್ಟಿಲಿನ ಕೆಳಗೆ ನಿಂತು ಬಡಿಯಿತು. ನಮ್ಮ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಮಹಿಳೆಯರು ಗುಡಿಯೊಳಗೆ ಹೋದದ್ದಕ್ಕೆ ಏನೇನಾಯಿತು ಎಂಬುದು ಪತ್ರಿಕೆಗಳಲ್ಲಿ ಬಂದಿದೆ, ಮತ್ತೆ ಹೇಳಬೇಕಾಗಿಲ್ಲ.

ಗುರುತಿನ ವಿಷಯಕ್ಕೆ ಬಂದರೆ, ನಮ್ಮ ಪ್ರಮಾಣಪತ್ರದಲ್ಲಿರುವುದು ಆದಿ ಕರ್ನಾಟಕ. ಆ ಹೆಸರಿನ ಕೆಳಗೆ ದಲಿತರ ಎಡಗೈ, ಬಲಗೈ ಎಂಬ ಎರಡೂ ಗುಂಪಿನವರಿದ್ದೇವೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಪರಿಶಿಷ್ಟ ಜಾತಿಗಳೊಳಗಿನ ಒಳಮೀಸಲಾತಿಗೆ ದಾರಿ ಮಾಡಿಕೊಟ್ಟ ಮೇಲೆ ನಾಗಮೋಹನ ದಾಸ್ ಆಯೋಗದವರು 2025ರಲ್ಲಿ ಮನೆಮನೆಗೆ ಬಂದು ಮೂಲ ಜಾತಿ ಯಾವುದೆಂದು ಕೇಳಿದರು. ಪಟ್ಟಣಕ್ಕೆ ಹೋಗಿ ನೆಲೆಸಿದ ನಮ್ಮ ನೆಂಟರೊಬ್ಬರು ಆದಿ ಕರ್ನಾಟಕ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು. ಬಾಡಿಗೆ ಮನೆಯ ಮಾಲೀಕರ ಎದುರಿಗೆ ಇನ್ನೇನು ಹೇಳಿಯಾರು? ಮೀಸಲಾತಿಯ ಪಾಲು ಸರಿಯಾಗಿ ಸಿಗಬೇಕಾದರೆ ಬಿಟ್ಟ ಕಸುಬನ್ನು ಒಪ್ಪಿಕೊಳ್ಳಬೇಕು. ಬೀದಿಯಲ್ಲಿ ಮರ್ಯಾದೆಯಿಂದ ಬದುಕಬೇಕಾದರೆ ಅದನ್ನು ಮುಚ್ಚಿಡಬೇಕು. ಬಡಗಿಯವರಿಗೆ ಈ ಇಕ್ಕಟ್ಟು ಇಲ್ಲವೆಂದು ನಾನು ಹೇಳುತ್ತಿಲ್ಲ, ಆದರೆ ತಮ್ಮ ಕಸುಬನ್ನು ಫಲಕದ ಮೇಲೆ ಬರೆಸಿಕೊಳ್ಳುವ ಧೈರ್ಯ ಅವರಿಗಿದೆ.

ಸೂಲಗಿತ್ತಿ ಮೊಮ್ಮಗಳು

ಹೊಳೆಯಾಚೆ ಅಣ್ಣನವರು ಬರೆದದ್ದನ್ನು ಓದಿದ ಮೇಲೆ ನಾನೂ ಬರೆಯಲೇಬೇಕು ಅನ್ನಿಸಿತು. ನಾನು ಚನ್ನರಾಯಪಟ್ಟಣ ಕಡೆಯವಳು, ಸವಿತಾ ಸಮಾಜದವಳು, ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ.

ನಮ್ಮ ತಾತ ಹಳ್ಳಿಯಲ್ಲಿ ದಲಿತ ಕೇರಿಯವರಿಗೆ ಕ್ಷೌರ ಮಾಡುತ್ತಿರಲಿಲ್ಲ. ಇದನ್ನು ಮರೆಸಿ ನಮ್ಮ ಸಮಾಜದ ಕಷ್ಟವನ್ನಷ್ಟೇ ಹೇಳುವುದು ನನಗೆ ಸರಿಬರುವುದಿಲ್ಲ. ಮಾಡಿದರೆ ನಿನ್ನ ಆಯ ನಿಲ್ಲುತ್ತದೆ ಎಂಬ ಬೆದರಿಕೆ ಇದ್ದದ್ದು ನಿಜ. ಹಾಗೆಂದು ತಾತನ ಮನಸ್ಸಿನಲ್ಲೂ ಮೇಲುಕೀಳು ಇರಲಿಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಅವರ ಮಗ, ಎಂದರೆ ನಮ್ಮ ಚಿಕ್ಕಪ್ಪ, ಹಾಸನದ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟ ಮೇಲೆ ಬಂದವರನ್ನೆಲ್ಲ ಕೂರಿಸಿದರು. ಅಲ್ಲಿ ಕಾಸು ಕೊಡುವವರಿದ್ದರು, ಕಣ ಇರಲಿಲ್ಲ. ಈಗ ಆ ಬೀದಿಯಲ್ಲಿ ಎಸಿ ಹಾಕಿಸಿದ ದೊಡ್ಡ ಸಲೂನು ಬಂದಿದೆ. ಬಂಡವಾಳ ಹೂಡಿದವರು ನಮ್ಮ ಜಾತಿಯವರಲ್ಲ, ಕತ್ತರಿ ಹಿಡಿದವರು ಉತ್ತರ ಭಾರತದ ಹುಡುಗರು. ಹಣ ಬರುವಂತಾದಾಗ ಕಸುಬಿನ ಬಾಗಿಲು ಎಲ್ಲರಿಗೂ ತೆರೆಯುತ್ತದೆ. ತಿಥಿಯ ಹತ್ತನೆಯ ದಿನ ಕೆರೆಯ ದಂಡೆಯಲ್ಲಿ ತಲೆ ಬೋಳಿಸಲು ಮಾತ್ರ ಚಿಕ್ಕಪ್ಪನಿಗೇ ಫೋನು ಬರುತ್ತದೆ, ಆ ಎಸಿ ಸಲೂನಿನವರಿಗೆ ಬರುವುದಿಲ್ಲ. ತಮಟೆಯದೂ ಇದೇ ಕಥೆ ಅಲ್ಲವೇ ಅಣ್ಣ?

ಇನ್ನೊಂದು ಮಾತು, ಇಲ್ಲಿಯವರೆಗೆ ಯಾರೂ ಎತ್ತಲಿಲ್ಲವಾದ್ದರಿಂದ. ಸಮೀಕ್ಷೆಯಲ್ಲಿ ನಮ್ಮ ಮನೆಯ ಕುಲಕಸುಬು ಕ್ಷೌರ ಎಂದು ಬರೆಯಲಾಯಿತು. ನಮ್ಮ ಅಜ್ಜಿ ಸೂಲಗಿತ್ತಿ. ರಾತ್ರಿ ಯಾವ ಹೊತ್ತಿನಲ್ಲಿ ಕರೆದರೂ ಹರಳೆಣ್ಣೆಯ ಶೀಶೆ ಸೆರಗಿಗೆ ಕಟ್ಟಿಕೊಂಡು ಹೊರಡುತ್ತಿದ್ದರು. ಬಾಣಂತಿಗೂ ಮಗುವಿಗೂ ದಿನಗಟ್ಟಲೆ ಎಣ್ಣೆನೀರು ಹಾಕಿ, ಕೊನೆಗೆ ಒಂದು ಮೊರ ಅಕ್ಕಿ, ಬೆಲ್ಲ, ಎಲೆಅಡಿಕೆ, ಇದ್ದವರ ಮನೆಯಾದರೆ ಒಂದು ಸೀರೆ ತರುತ್ತಿದ್ದರು. ಮಡಿವಾಳರ ಮನೆಯ ಹೆಂಗಸರು ಮೈಲಿಗೆ ಬಟ್ಟೆ ಒಗೆದದ್ದಕ್ಕೂ ಇಷ್ಟೇ ಲೆಕ್ಕ. ಆಯದ ಪಟ್ಟಿಯಲ್ಲಿ ಗಂಡಸರ ಹೆಸರಿತ್ತು. ಆಸ್ಪತ್ರೆಯ ಹೆರಿಗೆಗಳು ಬಂದು ಅಜ್ಜಿಯ ಕೆಲಸ ನಿಂತಾಗ ಒಂದು ಕಸುಬು ಹೋಯಿತೆಂದು ಯಾವ ಸಂಘವೂ ಸಭೆ ಸೇರಲಿಲ್ಲ. ಈಗ ನಾನು ಅದೇ ಹೆರಿಗೆ ಕೋಣೆಯಲ್ಲಿ ಸಮವಸ್ತ್ರ ತೊಟ್ಟು ನಿಂತಿರುತ್ತೇನೆ. ಮೊನ್ನೆ ಮಗುವನ್ನು ಒರೆಸಿ ಕೈಗೆ ಕೊಟ್ಟಾಗ ಅದರ ಅಜ್ಜಿ, ಕೆಲಸ ಬಲ್ಲ ಹುಡುಗಿ, ನೀನು ಯಾರ ಪೈಕಿ ಎಂದರು. ಹೇಳಿದೆ. ಓಹೋ, ಅದಕ್ಕೇ ಕೈಗೆ ಬಂದಿದೆ ಎಂದರು. ನಾನು ಓದಿದ ವರ್ಷಗಳೆಲ್ಲ ಆ ಒಂದು ಮಾತಿನಲ್ಲಿ ನಮ್ಮ ಅಜ್ಜಿಯ ಲೆಕ್ಕಕ್ಕೆ ಹೋದವು.

ಬಡಗಿ ಅಣ್ಣ, ತರಬೇತಿ ಕೇಂದ್ರವಾದರೆ ಅಲ್ಲಿ ನಿಮ್ಮ ಹೆಣ್ಣುಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಹಿರಿಯರನ್ನು ಕೇಳಿ.

ತರೀಕೆರೆ ಗುಮಾಸ್ತ

ಮಾಹಿತಿಗಾಗಿ ಎರಡು ವಿಷಯಗಳು. ಕುಲಕಸುಬು ಬಿಟ್ಟರೆ ಮೀಸಲಾತಿ ಹೋಗುತ್ತದೆಂಬ ಭಯ ಹಲವು ಸಂಘಗಳಲ್ಲಿದೆ; ಅದಕ್ಕೆ ಆಧಾರವಿಲ್ಲ. ವಿಶ್ವಕರ್ಮ, ಕುಂಬಾರ, ಮಡಿವಾಳ, ಸವಿತಾ ಸಮಾಜಗಳು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 2ಎ ಯಲ್ಲಿವೆ, ಆ ಪ್ರವರ್ಗಕ್ಕೆ ಶೇಕಡ 15 ಮೀಸಲು. ಪ್ರಮಾಣಪತ್ರ ಕೊಡುವಾಗ ನೋಡುವುದು ಜಾತಿಯನ್ನು ಮತ್ತು ಕೆನೆಪದರದ ಆದಾಯ ಮಿತಿಯನ್ನು. ಉಳಿ ಸುತ್ತಿಗೆ ಮನೆಯಲ್ಲಿದೆಯೇ ಎಂದು ನಾಡಕಚೇರಿಯಲ್ಲಿ ಯಾರೂ ಕೇಳುವುದಿಲ್ಲ.

ಎರಡನೆಯದು, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ. ಹೆಸರು ನೋಡಿ ಅದು ಒಂದೇ ಸಮಾಜದ್ದೆಂದು ತಿಳಿದವರು ಬಹಳ ಮಂದಿ. ಬಡಗಿ, ಕಮ್ಮಾರ, ಅಕ್ಕಸಾಲಿಗರ ಜೊತೆಗೆ ಕುಂಬಾರಿಕೆ, ಚಪ್ಪಲಿ ಹೊಲಿಯುವುದು, ಕ್ಷೌರ, ಬಟ್ಟೆ ಒಗೆಯುವುದು, ಹೊಲಿಗೆ, ಗಾರೆ ಕೆಲಸ, ಬುಟ್ಟಿ ಹೆಣೆಯುವುದು ಸೇರಿ 18 ಕಸುಬುಗಳಿವೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷ ಸಾಲ, ಶೇಕಡ 5ರ ಬಡ್ಡಿಗೆ. ಕುಟುಂಬಕ್ಕೆ ಒಬ್ಬರು. ಕೈಕಸುಬು ಮಾಡುವವರಾಗಿರಬೇಕು, ಜಾತಿಯ ಕಟ್ಟಳೆ ಇಲ್ಲ. ಸಣ್ಣ ಮಟ್ಟದ ತರಬೇತಿಗಾದರೆ ಇಷ್ಟು ಇದ್ದೇ ಇದೆ. ಸಂಘದ ನಿವೇಶನವನ್ನು ಅದಕ್ಕೇ ಮೀಸಲಿಡಬೇಕೇ ಎಂಬುದನ್ನು ಯೋಚಿಸಬಹುದು.

ಹಳೇಬೀಡು ದಾರಿ

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ನಮ್ಮ ಬೇಲೂರು ತಾಲ್ಲೂಕಿನಲ್ಲೇ ಅಂಗಡಿಹಳ್ಳಿಯಿದೆ, ಹಕ್ಕಿಪಿಕ್ಕಿ ಜನರ ಊರು. ಹೆಸರೇ ಹೇಳುವ ಹಾಗೆ ಅವರದು ಹಕ್ಕಿ ಹಿಡಿಯುವ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಅಪರಾಧವಾಗಿಸಿತು. ಆಮೇಲೆ ಅವರು ಗಿಡಮೂಲಿಕೆಯ ಕೇಶತೈಲ ಕಾಯಿಸಿ ಮಾರಲು ಹೊರಟರು, ಊರೂರು ಸುತ್ತಿ ಕೊನೆಗೆ ಆಫ್ರಿಕಾದ ದೇಶಗಳವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಬಹುಪಾಲು ಹಕ್ಕಿಪಿಕ್ಕಿಗಳೇ ಎಂದು ತಿಳಿದು ಬೆಂಗಳೂರಿನವರಿಗೆ ಆಶ್ಚರ್ಯವಾಯಿತು, ನಮ್ಮ ಕಡೆಯವರಿಗೆ ಆಗಲಿಲ್ಲ.

ಬಡತನದಲ್ಲಿ ಅವರು ಯಾರಿಗೂ ಕಡಿಮೆಯಿದ್ದವರಲ್ಲ. ಆದರೆ ಯಾವ ಊರಿನ ಕಣದ ಆಯಕ್ಕೂ ಕಟ್ಟುಬಿದ್ದವರಲ್ಲ, ಹಬ್ಬಕ್ಕೋ ಸಾವಿಗೋ ಕರೆದಾಗ ಬಂದು ನಿಲ್ಲಬೇಕಾದವರಲ್ಲ. ಕಸುಬು ಕೈತಪ್ಪಿದಾಗ ಹೊಸದನ್ನು ಹಿಡಿಯಲು ಅವರನ್ನು ತಡೆಯುವ ಗೌಡರ ಜಗುಲಿ ಇರಲಿಲ್ಲ. ತಮಟೆಯವರಿಗೆ ಅದು ಇದೆ.

ಬೇಲೂರು ಬಡಗಿ

ಇಷ್ಟು ಬರೆದವರಿಗೆಲ್ಲ ವಂದನೆಗಳು. ಮುದ್ರಿಸಿಕೊಂಡು ಕಾರ್ಯಕಾರಿ ಸಮಿತಿಯಲ್ಲಿ ಓದಿದೆ. ಸೂಲಗಿತ್ತಿ ಮೊಮ್ಮಗಳ ಪ್ರಶ್ನೆಗೆ ಹಿರಿಯರಲ್ಲಿ ಒಬ್ಬರು, ಹೆಣ್ಣುಮಕ್ಕಳು ಬಂದರೆ ನಕ್ಷೆ ಬಿಡಿಸುವುದನ್ನೂ ಕಂಪ್ಯೂಟರಿನ ವಿನ್ಯಾಸವನ್ನೂ ಕಲಿಸೋಣ ಎಂದರು. ಅವರ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ.

ಗುಮಾಸ್ತರು ಕೊಟ್ಟ ಮಾಹಿತಿಯಿಂದ ಒಂದು ಭಯ ಕಳೆಯಿತು. ಈಗ ಸಿದ್ಧವಾಗಿರುವ ಠರಾವಿನ ಕರಡು ಹೀಗಿದೆ: ನಿವೇಶನವನ್ನು ಮಾರುವುದು ಬೇಡ, ಅದರಲ್ಲಿ ಒಂದು ಕೆಲಸದ ಶಾಲೆ ಮಾತ್ರ ಕಟ್ಟಿ, ಉಳಿಯುವ ದೇಣಿಗೆಯಲ್ಲಿ ಹಾಸನದಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು ವಿದ್ಯಾರ್ಥಿ ನಿಲಯ ನಡೆಸುವುದು. ಕೆಲಸದ ಶಾಲೆಯ ಉದ್ದೇಶದಲ್ಲಿ ಕುಲಕಸುಬು ಎಂಬ ಮಾತಿನ ಬದಲು ಮರಗೆಲಸ ಮತ್ತು ಕಬ್ಬಿಣದ ಕೆಲಸ ಎಂದೇ ಬರೆದಿದ್ದೇವೆ. ಶಿಲ್ಪಕಲೆಗೆ ಕಲಿಸುವವರು ಸಿಕ್ಕಾಗ ನೋಡೋಣ ಎಂದಾಗಿದೆ. ನನಗೆ ಪೂರ್ತಿ ಸಮಾಧಾನವಿಲ್ಲ, ಬಾಡಿಗೆ ಮನೆಯ ನಿಲಯ ಎಷ್ಟು ವರ್ಷ ನಡೆಯುತ್ತದೆಂಬ ಅಳುಕಿದೆ.

ಹೊಳೆಯಾಚೆ

ಒಂದೇ ಪ್ರಶ್ನೆ, ಬಡಗಿಯವರೇ. ನನ್ನ ತಂಗಿಯ ಮಗ ಪಿಯುಸಿ ಮುಗಿಸಿ ಮನೆಯಲ್ಲಿದ್ದಾನೆ, ಮರಗೆಲಸ ಕಲಿಯುವ ಆಸೆ ಅವನಿಗೆ ಚಿಕ್ಕಂದಿನಿಂದಲೂ ಇದೆ. ನಿಮ್ಮ ಕೆಲಸದ ಶಾಲೆಗೆ ಅವನನ್ನು ಸೇರಿಸಿಕೊಳ್ಳುತ್ತೀರಾ? ಸೇರಿಸಿಕೊಂಡರೆ ಮಧ್ಯಾಹ್ನದ ಊಟಕ್ಕೆ ಅವನು ಎಲ್ಲಿ ಕೂರಬೇಕು?

ಬೇಲೂರು ಬಡಗಿ

ಯಾವುದೇ ಜಾತಿಯ ಕಲಿಕೆದಾರರು ಎಂದು ಕರಡಿನಲ್ಲಿ ಬರೆದದ್ದು ನಾನೇ. ಕಾಳಿಕಾಂಬೆಯ ಪೂಜೆ ನಡೆಯುವ ಕಟ್ಟಡದಲ್ಲಿ ಅದು ಆಗದು ಎಂದು ಇಬ್ಬರು ಹಿರಿಯರು ಆಕ್ಷೇಪಿಸಿದ್ದಾರೆ. ಆ ಸಾಲನ್ನು ತೆಗೆದಿಲ್ಲ, ಸಭೆಯಲ್ಲಿ ಮತಕ್ಕೆ ಹಾಕುತ್ತೇವೆ. ಸಭೆ ಯುಗಾದಿ ಕಳೆದ ಮೇಲೆ. ಗೆಲ್ಲುತ್ತದೆಂದು ನಾನು ನಿಮಗೆ ಮಾತು ಕೊಡಲಾರೆ.

ಹುಡುಗನನ್ನು ಅಲ್ಲಿಯವರೆಗೆ ಕಾಯಿಸಬೇಡಿ. ನಾನು ಕೆಲಸ ಮಾಡುವಲ್ಲಿಗೆ ಕರೆತನ್ನಿ, ಗುತ್ತಿಗೆದಾರರ ಹತ್ತಿರ ಮಾತನಾಡಿದ್ದೇನೆ, ಕಲಿಯುವಾಗಲೂ ಕೂಲಿ ಕೊಡುತ್ತಾರೆ. ಊಟವನ್ನು ಅಲ್ಲಿ ನಾವೆಲ್ಲ ಒಂದೇ ಹಲಗೆಯ ಸುತ್ತ ಕೂತು ಮಾಡುತ್ತೇವೆ. ಹದಿನೆಂಟು ತುಂಬಿದೆಯೇ ಎಂಬುದನ್ನು ಮಾತ್ರ ತಿಳಿಸಿ, ಗರಗಸದ ಯಂತ್ರಗಳಿರುವ ಜಾಗ.